ಗುರುಲಿಂಗಪ್ಪನವರ ರಕ್ತ ಸುಳ್ಳು ಹೇಳಲಿಲ್ಲ

೨೦೦೭ರ ಆಗಸ್ಟಿನಲ್ಲಿ ನಾನು ಹುಮನಾಬಾದಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಡಿ ಕೋಆರ್ಡಿನೇಟರ್ ಆಗಿ ಸೇರಿದೆ. ಅದಕ್ಕೂ ಮೊದಲು ಹದಿನಾರು ವರ್ಷ ಬಸವಕಲ್ಯಾಣದಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ಹೆರಿಗೆ, ಹಾವು ಕಡಿತ, ಹೆದ್ದಾರಿಯ ಅಪಘಾತ ಎಲ್ಲವನ್ನೂ ನೋಡಿದ್ದೆ. ಆದರೆ ಕ್ಲಿನಿಕಲ್ ಟ್ರಯಲ್ ಎಂಬುದನ್ನು ಹತ್ತಿರದಿಂದ ಕಂಡದ್ದು ಆ ವರ್ಷವೇ. ಹೊಸ ಹುದ್ದೆಯ ಹೆಸರನ್ನು ಮನೆಯಲ್ಲಿ ಹೇಳಿದಾಗ ನಮ್ಮತ್ತೆ, “ಅಂದ್ರ ಇನ್ನ ಮ್ಯಾಲ ಸೂಜಿ ಚುಚ್ಚಂಗಿಲ್ಲೇನು?” ಎಂದು ಕೇಳಿದ್ದರು. ಚುಚ್ಚುವುದು ತಪ್ಪಲಿಲ್ಲ, ಅದರ ಜೊತೆಗೆ ಬರೆಯುವುದು ಗಂಟುಬಿತ್ತು. ಒಬ್ಬ ರೋಗಿಗೆ ಒಂದು ದಪ್ಪ ಫೈಲು. ಅವರು ಕೆಮ್ಮಿದರೂ ಅದರಲ್ಲಿ ದಾಖಲಾಗಬೇಕು, ದಿನಾಂಕ ಹಾಕಿ ಸಹಿ ಮಾಡಬೇಕು. ನನಗೆ ಮೊದಲಿನಿಂದಲೂ ಅಚ್ಚುಕಟ್ಟಿನ ಹುಚ್ಚು. ಎರಡೇ ತಿಂಗಳಲ್ಲಿ ನನ್ನ ಫೈಲುಗಳನ್ನು ನೋಡಿದವರು ಹೊಗಳತೊಡಗಿದರು, ನನ್ನ ತಲೆ ಸ್ವಲ್ಪ ತಿರುಗಿದ್ದೂ ನಿಜ.

ಆ ಟ್ರಯಲ್ ಏನು ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಏಟ್ರಿಯಲ್ ಫಿಬ್ರಿಲೇಶನ್ ಎಂಬ ಕಾಯಿಲೆಯಲ್ಲಿ ಹೃದಯದ ಮೇಲಿನ ಕೋಣೆಗಳು ಲಯವಾಗಿ ಬಡಿಯುವುದನ್ನು ಬಿಟ್ಟು ಬರೀ ನಡುಗುತ್ತವೆ. ಹಾಗೆ ನಡುಗುವಾಗ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವಾ ಹೊಡೆಯುತ್ತದೆ. ಇದನ್ನು ತಡೆಯಲು ರಕ್ತವನ್ನು ತೆಳು ಮಾಡುವ ಮಾತ್ರೆ ಕೊಡುತ್ತಾರೆ. ಹಳೆಯ ಮಾತ್ರೆಯ ಹೆಸರು ವಾರ್ಫರಿನ್. ಅದು ಕೆಲಸವನ್ನೇನೋ ಚೆನ್ನಾಗಿ ಮಾಡುತ್ತದೆ, ಆದರೆ ಬಹಳ ಮುನಿಸಿನ ಮಾತ್ರೆ. ಊಟ ಬದಲಾದರೆ, ಬೇರೆ ಔಷಧ ಸೇರಿದರೆ ಅದರ ಬಲ ಏರುಪೇರಾಗುತ್ತದೆ. ಆದ್ದರಿಂದ ಐಎನ್‌ಆರ್ ಎಂಬ, ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಪರೀಕ್ಷೆಯನ್ನು ಪದೇ ಪದೇ ಮಾಡಬೇಕು. ಸಾಮಾನ್ಯರಲ್ಲಿ ಐಎನ್‌ಆರ್ ಒಂದರ ಹತ್ತಿರ ಇರುತ್ತದೆ. ನಮ್ಮ ರೋಗಿಗಳಿಗೆ ಎರಡರಿಂದ ಮೂರರೊಳಗೆ ಇರಬೇಕು. ಎರಡಕ್ಕಿಂತ ಕೆಳಗಿಳಿದರೆ ಹೆಪ್ಪಿನ ಭಯ, ಮೂರನ್ನು ದಾಟಿ ಬಹಳ ಮೇಲೇರಿದರೆ ರಕ್ತಸ್ರಾವದ ಭಯ. ಇಷ್ಟೆಲ್ಲ ಗೊಡವೆ ಇಲ್ಲದ ಒಂದು ಹೊಸ ಮಾತ್ರೆ ಬಂದಿತ್ತು. ಹೊಸದು ಹಳೆಯದಕ್ಕೆ ಸಮನಾಗಿ ಕಾಪಾಡುತ್ತದೆಯೇ ಎಂದು ಹಲವು ಊರುಗಳಲ್ಲಿ ಒಟ್ಟಿಗೆ ನೋಡುತ್ತಿದ್ದರು. ನಮ್ಮ ಹುಮನಾಬಾದ್ ಅದರಲ್ಲೊಂದು! ಯಾರಿಗೆ ಯಾವ ಮಾತ್ರೆ ಎಂದು ಕಂಪ್ಯೂಟರ್ ಚೀಟಿ ಎತ್ತಿದಂತೆ ಹೇಳುತ್ತಿತ್ತು. ಡಾಕ್ಟರು ಬೇಡಿಕೊಂಡರೂ ಅದು ಬದಲಾಗುವಂತಿರಲಿಲ್ಲ.

ಆ ದಿನಗಳ ಹುರುಪನ್ನು ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತದೆ. ನಾವು ಬರೆದ ಅಂಕಿ ಎಲ್ಲೋ ದೂರದ ದೇಶದ ಅಂಕಿಗಳ ಜೊತೆ ಕೂಡಿ, ನಾಳೆ ಜಗತ್ತಿನ ರೋಗಿಗಳಿಗೆ ಔಷಧ ನಿರ್ಧರಿಸುತ್ತದೆ ಎಂಬ ಮಾತು ನನಗೆ ಸಣ್ಣದಾಗಿ ಕಂಡಿರಲಿಲ್ಲ. ಗುರುವಾರ ನಮ್ಮ ಟ್ರಯಲ್ ದಿನ. ಬೆಳಿಗ್ಗೆ ಎಂಟಕ್ಕೇ ನಾನು ಹಾಜರ್.

ಗುರುಲಿಂಗಪ್ಪನವರು ಬಂದದ್ದು ಸೆಪ್ಟೆಂಬರಿನಲ್ಲಿ. ಅರವತ್ತೇಳು ವರ್ಷ. ಬಸವಕಲ್ಯಾಣದ ಆಚೆ ಮಂಠಾಳದಲ್ಲಿ ಕಿರಾಣಿ ಅಂಗಡಿ. ಬಿಳಿ ಧೋತರ, ಟೋಪಿ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. ನಾಡಿ ಹಿಡಿದರೆ ಒಂದಕ್ಕೊಂದು ಸಂಬಂಧವಿಲ್ಲದ ಬಡಿತ. ಅವರ ಅಣ್ಣ ಲಕ್ವಾ ಹೊಡೆದು ಮೂರು ವರ್ಷ ಮಾತಿಲ್ಲದೆ ಮಲಗಿ ತೀರಿಕೊಂಡಿದ್ದರು. ಅದನ್ನು ಹೇಳುವಾಗ ಅವರ ದನಿ ಇಳಿಯಿತು.

“ಸಿಸ್ಟರ್, ಸಾಯೂದಕ್ಕ ನಾ ಅಂಜಂಗಿಲ್ಲ. ಮಾತು ಹೋಗಬಾರದ್ರಿ. ನಮ್ಮ ಅಂಗಡಿಗಿ ಜನ ಬರೂದ ನನ್ನ ಮಾತಿನ ಮ್ಯಾಲ.”

ಒಪ್ಪಿಗೆ ಪತ್ರದ ಹನ್ನೊಂದು ಪುಟಗಳನ್ನು ಓದಿಸಿ ಕೇಳಿದರು, ನಡುನಡುವೆ ನಿಲ್ಲಿಸಿ ಪ್ರಶ್ನೆ ಹಾಕಿದರು, ಆಮೇಲೆ ಸಹಿ ಮಾಡಿದರು. ಕಂಪ್ಯೂಟರ್ ಅವರಿಗೆ ಹಳೆಯ ಮಾತ್ರೆ, ವಾರ್ಫರಿನ್ ಕೊಟ್ಟಿತು. ನನಗೇ ಬೇಸರವಾಯಿತು. ಅವರು ಮಾತ್ರ ನಕ್ಕರು. “ಹೊಸಾದು ಮತ್ಯಾರಿಗರೆ ಸಿಗಲಿ ಬಿಡ್ರಿ. ಎರಡೂ ಕಡಿ ಜನ ಇದ್ದರಲ್ಲ ತೂಕ ಗೊತ್ತಾಗೂದು?” ಎಂದರು. ಟ್ರಯಲ್ ಎಂದರೇನು ಎಂದು ನಾನು ಅರ್ಧ ಗಂಟೆ ವಿವರಿಸಿದ್ದನ್ನು ತಕ್ಕಡಿ ಹಿಡಿದ ಮನುಷ್ಯ ಒಂದೇ ಮಾತಿನಲ್ಲಿ ಮುಗಿಸಿದ್ದರು.

ಅವರು ನನ್ನ ಮೆಚ್ಚಿನ ರೋಗಿಯಾದರು ಎಂದು ಹೇಳಲು ಸಂಕೋಚವಿಲ್ಲ. ಪ್ರತಿ ಸಲ ಖಾಲಿ ಬಾಟಲಿ, ಉಳಿದ ಮಾತ್ರೆ ವಾಪಸು ತರಬೇಕೆಂಬ ನಿಯಮ. ಉಳಿದ ಮಾತ್ರೆ ಎಣಿಸಿದರೆ ನುಂಗಿದ್ದೆಷ್ಟು ಎಂದು ಗೊತ್ತಾಗುತ್ತದೆ. ನಾನು ಎಣಿಸುವ ಮೊದಲೇ ಅವರು ಮೇಜಿನ ಮೇಲೆ ಐದೈದರ ಸಾಲು ಹಚ್ಚಿಟ್ಟಿರುತ್ತಿದ್ದರು. ದಿನಾ ಸಂಜೆ ಲಿಂಗಪೂಜೆ ಮುಗಿಸಿ, ಏಳು ಗಂಟೆಗೆ ಐದು ಮಿಲಿಗ್ರಾಂ. ಡಿಸೆಂಬರ್ ಮುಗಿಯುವವರೆಗೆ ಅವರ ಐಎನ್‌ಆರ್ ೨.೩, ೨.೫, ೨.೪, ೨.೪. ನಮ್ಮ ಫಿಜಿಶಿಯನ್ ಡಾ. ಇನಾಮದಾರ್ ಚೇಷ್ಟೆಯ ಮನುಷ್ಯ. “ಗುರುಲಿಂಗಪ್ಪನವರ ರಿಪೋರ್ಟ್ ನೋಡಿ ನನ್ನ ಗಡಿಯಾರ ಸರಿ ಮಾಡ್ಕೋತೀನ್ರಿ” ಎನ್ನುತ್ತಿದ್ದರು.

೨೦೦೮ರ ಎಳ್ಳಮಾವಾಸ್ಯೆ ಜನವರಿ ಎಂಟಕ್ಕೆ ಬಂತು. ನಾನು ತವರೂರು ಗೋರ್ಟಾಕ್ಕೆ ಹೋಗಿ, ಅಣ್ಣನ ಹೊಲದಲ್ಲಿ ಜೋಳದ ನೆರಳಿಗೆ ಕೂತು, ಹೊಟ್ಟೆ ಬಿರಿಯುವಷ್ಟು ಉಂಡು ಬಂದೆ. ಹತ್ತನೆಯ ತಾರೀಖು ಗುರುವಾರ, ಗುರುಲಿಂಗಪ್ಪನವರು ತಮ್ಮ ಪಾಳಿ ಇಲ್ಲದಿದ್ದರೂ ಆಸ್ಪತ್ರೆಗೆ ಬಂದರು. ಹುಮನಾಬಾದಿನಲ್ಲಿ ಏನೋ ಕೆಲಸವಿತ್ತಂತೆ. ಮೇಜಿನ ಮೇಲೆ ದೊಡ್ಡ ಸ್ಟೀಲ್ ಡಬ್ಬಿ ಇಟ್ಟು, “ನಿಮ್ಮ ಪಾಲು, ಸಿಸ್ಟರ್” ಎಂದು ಹೇಳಿ ಹೊರಟುಹೋದರು. ನಾನೂ ಲ್ಯಾಬಿನವರೂ ಸೇರಿ ಮಧ್ಯಾಹ್ನದೊಳಗೆ ಅದನ್ನು ಖಾಲಿ ಮಾಡಿದೆವು. ಡಬ್ಬಿ ತೊಳೆದು ಕಪಾಟಿನ ಮೇಲೆ ಇಟ್ಟೆ. ವಾಪಸು ಕೊಡಬೇಕೆಂಬುದು ಮರೆತೇಹೋಯಿತು.

ಜನವರಿ ಹದಿನೇಳು, ಅವರ ಪಾಳಿ. ಐಎನ್‌ಆರ್ ೧.೪.

ನಾನು ಪರೀಕ್ಷೆಯ ಯಂತ್ರವನ್ನೇ ಬೈದು, ಹೊಸ ಸ್ಟ್ರಿಪ್ ಹಾಕಿ ಇನ್ನೊಂದು ಹನಿ ರಕ್ತ ನೋಡಿದೆ. ಮತ್ತೆ ೧.೪. ಡಾಕ್ಟರು ಪ್ರೋಟೊಕಾಲಿನ, ಅಂದರೆ ಟ್ರಯಲ್ ನಿಯಮಾವಳಿಯ, ಡೋಸ್ ಪಟ್ಟಿ ನೋಡಿ ಡೋಸನ್ನು ಆರು ಮಿಲಿಗ್ರಾಮಿಗೆ ಏರಿಸಿದರು, ವಾರಕ್ಕೆ ಬರಹೇಳಿದರು. ಊಟದ ಬಗ್ಗೆ ಕೇಳುವ ಫಾರ್ಮನ್ನು ನಾನೇ ತುಂಬಿದೆ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಇರುತ್ತದೆ. ಅದು ವಾರ್ಫರಿನ್ನಿನ ಬಲವನ್ನು ಕುಗ್ಗಿಸುತ್ತದೆ. ಅದಕ್ಕಾಗಿಯೇ ಆ ಪ್ರಶ್ನೆ: ಮನೆಯಲ್ಲಿ ವಾರಕ್ಕೆ ಎಷ್ಟು ಬಾರಿ ಸೊಪ್ಪಿನ ಪಲ್ಯ ಮಾಡುತ್ತೀರಿ?

“ಎಂದಿನಂಗ ಎರಡು ಸಲರಿ” ಎಂದರು. ಎರಡು ಎಂದು ಬರೆದೆ.

ಇಪ್ಪತ್ನಾಲ್ಕರಂದು ಅವರ ಐಎನ್‌ಆರ್ ೧.೩. ಡೋಸ್ ಏರಿಸಿದ ಮೇಲೂ ಇಳಿದಿತ್ತು! ಅಂದೇ ಮಾನಿಟರ್ ಬಂದಿದ್ದರು. ಮಾನಿಟರ್ ಎಂದರೆ ಟ್ರಯಲ್ ನಡೆಸುವವರ ಕಡೆಯಿಂದ ಬಂದು ನಮ್ಮ ದಾಖಲೆ ತಪಾಸಣೆ ಮಾಡುವವರು. ಶ್ರೀಧರ್ ಎಂಬ ಬೆಂಗಳೂರು ಕಡೆಯ ಯುವಕ, ಚುರುಕಿನವರು. ಫೈಲು ತಿರುವಿ ಹಾಕಿ ನನ್ನ ಕಡೆ ನೋಡಿದರು.

“ಮೇಡಂ, ಇದು ಕ್ಲಿಯರ್ ಆಗಿದೆ. ಇವರು ಮಾತ್ರೆ ತಗೋತಾ ಇಲ್ಲ. ಎಣಿಕೆ ಸರಿ ಇರೋದು ಯಾಕಂದ್ರೆ ದಿನಕ್ಕೆ ಒಂದೊಂದು ಎಸೀತಾರೆ. ಬೇರೆ ಕಡೆ ಇದನ್ನ ನೋಡಿದೀನಿ. ಹೀಗೇ ಮುಂದುವರಿದ್ರೆ ಇವರನ್ನ ಸ್ಟಡಿಯಿಂದ ಕೈಬಿಡಬೇಕಾಗುತ್ತೆ.”

ನನ್ನ ಅಚ್ಚುಕಟ್ಟಾದ ಫೈಲಿಗೆ ಕಲೆ! ಸಿಟ್ಟು ನೆತ್ತಿಗೇರಿತು. ನನ್ನ ನಾಲಿಗೆ ಹರಿತವೆಂದು ಮನೆಯಲ್ಲಿ, ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಹೊರಗೆ ಹಾಲ್‌ನಲ್ಲಿ ಹತ್ತು ಹನ್ನೆರಡು ರೋಗಿಗಳು ಕೂತಿದ್ದರು. ಅವರೆಲ್ಲರ ಮುಂದೆಯೇ ಕೇಳಿಬಿಟ್ಟೆ. “ಖರೇ ಹೇಳ್ರಿ ಯಜಮಾನ್ರ, ಗುಳಿಗಿ ಎಲ್ಲಿ ಒಗಿಯಾಕತ್ತೀರಿ?”

ಗುರುಲಿಂಗಪ್ಪನವರಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಎದ್ದು ನಿಂತರು. ಕೊರಳ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದರು.

“ಇದನ್ನ ಮುಟ್ಟಿ ಹೇಳ್ತೀನ್ರಿ. ಒಂದ ದಿನಾನೂ ತಪ್ಪಿಲ್ಲ.”

“ಆಣಿ ಬ್ಯಾಡ್ರಿ. ರಕ್ತ ಸುಳ್ಳ ಹೇಳೂದಿಲ್ಲ” ಎಂದೆ.

ಪಟ್ಟಿಯ ಪ್ರಕಾರ ಡೋಸ್ ಏಳೂವರೆ ಮಿಲಿಗ್ರಾಮಿಗೆ ಏರಿತು. ಮಾತ್ರೆ ನುಂಗುತ್ತಿಲ್ಲ ಎಂದು ಬೈಯುವುದು, ಅದೇ ಉಸಿರಿನಲ್ಲಿ ಹೆಚ್ಚು ಮಾತ್ರೆ ಕೊಟ್ಟು ಕಳಿಸುವುದು. ಈಗ ನೆನೆದರೆ ನಮ್ಮ ಜಾಣತನಕ್ಕೆ ನಗು ಬರುತ್ತದೆ, ಅಂದು ಬರಲಿಲ್ಲ. ಅವರು ಬಾಟಲಿ ತೆಗೆದುಕೊಂಡು, ನನಗೆ ಕೈ ಮುಗಿದು ಹೋದರು. ನಾನು ಫೈಲಿನಲ್ಲಿ ‘ನಾನ್ ಕಂಪ್ಲೈಂಟ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದೆ. ಹೇಳಿದ್ದನ್ನು ಪಾಲಿಸದ ರೋಗಿ ಎಂದು ಅದರ ಅರ್ಥ. ಕೆಳಗೆ ಸಹಿ, ದಿನಾಂಕ.

ಜನವರಿ ಮೂವತ್ತೊಂದರಂದು ಅವರು ಬರಲಿಲ್ಲ. ಬಸ್ಸಿನಲ್ಲಿ ಬಂದ ಅದೇ ಊರಿನವರೊಬ್ಬರು, “ನೇಮ ಮುಗದ ಮ್ಯಾಲ ಬರ್ತಾರಂತ್ರಿ” ಎಂದು ಸುದ್ದಿ ತಂದರು. ಯಾವ ನೇಮ, ಏನು ಎಂದು ಕೇಳುವ ವ್ಯವಧಾನ ನನಗಿರಲಿಲ್ಲ. ಸಿಕ್ಕಿಬಿದ್ದ ಮೇಲೆ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

ಫೆಬ್ರುವರಿ ಐದು, ಮಂಗಳವಾರ. ಡಾ. ಇನಾಮದಾರ್ ಮನ್ನಾಏಖೇಳ್ಳಿಯ ಆರೋಗ್ಯ ಶಿಬಿರಕ್ಕೆ ಹೋಗಿದ್ದರು. ರೋಗಿಗಳು ಕಡಿಮೆ. ಕಪಾಟು ಸ್ವಚ್ಛ ಮಾಡೋಣವೆಂದು ಕೈ ಹಾಕಿದಾಗ ಆ ಸ್ಟೀಲ್ ಡಬ್ಬಿ ಸಿಕ್ಕಿತು. ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ‘ಗುರುಲಿಂಗಪ್ಪ, ಮಂಠಾಳ’ ಎಂದು ಹೆಸರು ಕೊರೆಸಿತ್ತು. ಯಾರ ಕೈಯಲ್ಲಾದರೂ ಕಳಿಸಿಬಿಡೋಣ, ಇವರ ಋಣ ಬೇಡ ಎಂದು ಗೊಣಗುತ್ತಾ ಮುಚ್ಚಳ ತೆರೆದೆ. ತೊಳೆದಿದ್ದರೂ ಹುಣಸೆ, ಬೆಳ್ಳುಳ್ಳಿಯ ವಾಸನೆ ಸಣ್ಣಗೆ ಉಳಿದಿತ್ತು.

ಭಜ್ಜಿ!

ನಮ್ಮ ಬೀದರ ಸೀಮೆಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಉಣ್ಣುವ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಮೆಂತ್ಯ, ಪಾಲಕ, ಪುಂಡಿ, ಕಡಲೆಗಿಡದ ಚಿಗುರು, ಉಳ್ಳಾಗಡ್ಡಿಯ ಸೊಪ್ಪು ಎಂದು ಆ ಕಾಲಕ್ಕೆ ಬೆಳೆದ ಸೊಪ್ಪನ್ನೆಲ್ಲ ಹಸಿ ಕಾಳುಗಳ ಜೊತೆ ಹಾಕಿ, ಹುಣಸೆಹುಳಿ ಬೆರೆಸಿ ಕುದಿಸುವುದು. ಸಜ್ಜೆ ರೊಟ್ಟಿಯ ಜೊತೆ ಬಟ್ಟಲುಗಟ್ಟಲೆ ಹೋಗುತ್ತದೆ. ಅಮಾವಾಸ್ಯೆಗೆ ಒಮ್ಮೆ, ಮುಂದಿನ ವಾರ ಸಂಕ್ರಾಂತಿಯ ಭೋಗಿಗೆ ಮತ್ತೊಮ್ಮೆ. ನಮ್ಮಲ್ಲಿ ಹೊಲ ಇದ್ದವರು ಇಲ್ಲದವರನ್ನು ಕರೆದು ಉಣಿಸಬೇಕು, ಬರಲಾಗದವರಿಗೆ ಬುತ್ತಿ ಕಳಿಸಬೇಕು. ಕಿರಾಣಿ ಅಂಗಡಿಯವರಿಗೆ ಕರೆಯದ ಹೊಲ ಯಾವುದು? ಒಬ್ಬರ ಬುತ್ತಿ ಉಂಡು ಇನ್ನೊಬ್ಬರದನ್ನು ಬೇಡವೆನ್ನಲು ಆಗುತ್ತದೆಯೇ?

ನಾನು ಕೇಳಿದ್ದು ಮನೆಯಲ್ಲಿ ಮಾಡಿದ್ದನ್ನು. ಅವರು ಉಂಡದ್ದು ಊರವರ ಹೊಲದ್ದು. ಕೇಳಿದ್ದಕ್ಕೆ ಅವರು ಸರಿಯಾಗಿಯೇ ಉತ್ತರಿಸಿದ್ದರು. ಇನ್ನು ನಾನೋ, ಆ ಮಣ್ಣಿನಲ್ಲೇ ಹುಟ್ಟಿದವಳು. ಸಾಕ್ಷಿಯನ್ನು ಡಬ್ಬಿಯಲ್ಲಿ ತುಂಬಿ ತಂದು ಮೇಜಿನ ಮೇಲಿಟ್ಟಿದ್ದರು, ನಾನು ಬೆರಳು ಚೀಪಿ ಉಂಡಿದ್ದೆ!

ಕೈಯಲ್ಲಿದ್ದ ಡಬ್ಬಿ ಬಿಟ್ಟು ಫೈಲುಗಳನ್ನು ಎಳೆದೆ. ವಾರ್ಫರಿನ್ ನುಂಗುವ ನಮ್ಮ ಒಂಬತ್ತು ರೋಗಿಗಳ ಜನವರಿ ನಡುವಿನ ಐಎನ್‌ಆರ್ ಒಂದರ ಕೆಳಗೊಂದು ಬರೆದೆ. ಏಳು ಜನರದು ಇಳಿದಿತ್ತು. ಕೆಲವರದು ಒಂದಿಷ್ಟು, ಕೆಲವರದು ಜಾಸ್ತಿ. ಒಬ್ಬೊಬ್ಬರ ಫೈಲನ್ನೂ ಬೇರೆ ಬೇರೆಯಾಗಿ ಅಷ್ಟು ಅಂದವಾಗಿ ಬರೆದ ನಾನು ಎಲ್ಲವನ್ನೂ ಒಂದು ಹಾಳೆಯಲ್ಲಿಟ್ಟು ನೋಡಿರಲಿಲ್ಲ. ಎಂಥ ಖುಷಿ ಆಯಿತೆಂದರೆ, ಹಾಲ್‌ನಲ್ಲಿ ಕೂತವರಿಗೆ ಕೇಳುವಂತೆ “ಸಿಕ್ತು!” ಎಂದು ಕೂಗಿದೆ.

ಆ ಖುಷಿ ಒಂದು ನಿಮಿಷವೂ ಉಳಿಯಲಿಲ್ಲ. ಭಜ್ಜಿಯ ದಿನಗಳು ಮುಗಿದು ಮೂರು ವಾರ. ಅವರು ನುಂಗುತ್ತಿರುವುದು ಏಳೂವರೆ. ಅದರ ಮೇಲೆ ನೇಮ ಎಂದಿದ್ದರಲ್ಲ, ಯಾವ ನೇಮ?

ಅಂಗಡಿಗೆ ಫೋನ್ ಹಚ್ಚಿದೆ. ಅವರ ಸೊಸೆ ಮಹಾದೇವಿ ಎತ್ತಿಕೊಂಡಳು.

“ಮಾವನೋರು ಅವತ್ತಿಂದ ನೇಮ ಹಿಡ್ದಾರ್ರಿ. ನಂಬರ ಸರಿ ಆಗೂತನ ಹಾಲು, ಜ್ವಾಳದ ಅಂಬಲಿ ಬಿಟ್ಟು ಬ್ಯಾರೆ ಏನೂ ಮುಟ್ಟಂಗಿಲ್ಲ ಅಂತ. ಪಲ್ಯ ಅಂತೂ ಪೂರಾ ಬಂದ್ ರಿ. ಗುಳಿಗಿ ಮಾತ್ರ ದಿನಾ ನನ್ನ ಕರದು, ನನ್ನ ಎದರಿಗೇ ನುಂಗ್ತಾರ. ನೀ ಸಾಕ್ಷಿ ಇರು ಅಂತಾರ.”

ಸೊಪ್ಪು ಪೂರ್ತಿ ನಿಂತಿದೆ, ಊಟವೂ ಇಲ್ಲ, ಡೋಸ್ ಒಂದೂವರೆ ಪಟ್ಟು, ಒಂದು ದಿನವೂ ತಪ್ಪದ ನಿಷ್ಠೆ. “ಎಲ್ಲರೆ ರಕ್ತ ಬರಾಕತ್ತದೇನವ್ವಾ?” ಎಂದು ಕೇಳಿದೆ.

“ನಾಕ ದಿನ ಆತ್ರಿ, ಹಲ್ಲ ತಿಕ್ಕಿದ್ರ ಒಸಡಿನಾಗ ರಕ್ತ ಬರ್ತದ. ದವಡಿ ಹಲ್ಲ ಹುಳಕಾಗೇದ ಅಂತ ಇವತ್ತ ತೆಗಸಾಕ ಬಸವಕಲ್ಯಾಣಕ್ಕ ಹೋಗ್ಯಾರ್ರಿ. ಹತ್ತರ ಬಸ್ಸಿಗಿ.”

ಗಡಿಯಾರ ನೋಡಿದೆ. ಹತ್ತು ನಲವತ್ತು.

ಅಂಥ ರಕ್ತದಲ್ಲಿ ದವಡೆ ಹಲ್ಲು ಕಿತ್ತರೆ ಏನಾಗುತ್ತದೆ ಎಂದು ಹದಿನಾರು ವರ್ಷ ನರ್ಸ್ ಆಗಿದ್ದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ರಕ್ತ ನಿಲ್ಲುವುದಿಲ್ಲ. ಯಾವ ದವಾಖಾನೆ ಎಂದು ಮಹಾದೇವಿಗೆ ಗೊತ್ತಿರಲಿಲ್ಲ. ಮಾವನ ಹತ್ತಿರ ಮೊಬೈಲ್ ಇರಲಿಲ್ಲ. ಡಾಕ್ಟರರಿಗೆ ಫೋನ್ ಮಾಡಿದೆ. ಅವರು ಚೇಷ್ಟೆ ಮಾಡದೆ ಮಾತಾಡಿದ್ದನ್ನು ನಾನು ಕೇಳಿದ್ದು ಅಂದೇ. “ಮೀಟರ್ ತಗೋರಿ, ವಿಟಮಿನ್ ಕೆ ತಗೋರಿ, ಈಗಿಂದೀಗ ಹೊರಡ್ರಿ. ಹಲ್ಲಿಗೆ ಕೈ ಹಚ್ಚಗೊಡಬ್ಯಾಡ್ರಿ. ನಾನೂ ಹೊರಟೆ.”

ಐಎನ್‌ಆರ್ ನೋಡುವ ಆ ಮೀಟರ್ ಅಂಗೈಗಿಂತ ಸ್ವಲ್ಪ ದೊಡ್ಡದು. ಬೆರಳಿನ ಒಂದು ಹನಿ ಸಾಕು. ಅದನ್ನು ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಯ ಆಂಬುಲೆನ್ಸ್ ಹತ್ತಿದೆ. ಡ್ರೈವರ್ ಇಸ್ಮಾಯಿಲ್ ಭಾಯಿ ಕಲ್ಯಾಣದಲ್ಲೇ ಹುಟ್ಟಿ ಬೆಳೆದವರು. ವಿಷಯ ಕೇಳಿ, “ಫಿಕರ್ ಮಾಡಬ್ಯಾಡ್ರಿ ಸಿಸ್ಟರ್. ನನಗ ಗೊತ್ತಿದ್ದಂಗ ಹಲ್ಲಿನ ದವಾಖಾನಿ ಮೂರ ಅವ. ಮೂರೂ ಹುಡುಕೂಣು” ಎಂದು ಗಾಡಿ ಬಿಟ್ಟರು. ಹೆದ್ದಾರಿಯಲ್ಲಿ ಸೈರನ್ ಹಾಕಿಕೊಂಡು, ಒಳಗೆ ರೋಗಿಯೇ ಇಲ್ಲದ ಆಂಬುಲೆನ್ಸಿನಲ್ಲಿ ನಾನು ಎರಡು ಕೈಯಲ್ಲೂ ಚೀಲ ಅವುಚಿಕೊಂಡು ಕೂತಿದ್ದೆ. ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ಬಂದಾಗಲೆಲ್ಲ ಇಸ್ಮಾಯಿಲ್ ಭಾಯಿಗಿಂತ ಜೋರಾಗಿ ನಾನೇ ಬೈದೆ. ಸಸ್ತಾಪುರ ಬಂಗಲೆಯ ಹತ್ತಿರ ಹೆದ್ದಾರಿ ಬಿಟ್ಟು ಊರಿನ ದಾರಿಗೆ ತಿರುಗಿದಾಗ ಹನ್ನೊಂದು ಹದಿನೈದು.

ಮೊದಲನೆಯ ದವಾಖಾನೆಗೆ ಬೀಗ. ಎರಡನೆಯದರಲ್ಲಿ ಮಂಠಾಳದವರು ಯಾರೂ ಬಂದಿಲ್ಲ ಎಂದರು. ಮೂರನೆಯದು ಕೋಟೆಯ ಕಡೆ, ಮೇಲಂತಸ್ತಿನಲ್ಲಿ. ಮೆಟ್ಟಿಲ ಬುಡದಲ್ಲಿ ನೋಡಿದರೆ ಒಂದು ಜೊತೆ ಹಳೆಯ ಚಪ್ಪಲಿ, ಒಂದರ ಉಂಗುಟ ತಾಮ್ರದ ತಂತಿಯಿಂದ ಕಟ್ಟಿದ್ದು. ಆ ಚಪ್ಪಲಿಯನ್ನು ನಾನು ಐದು ತಿಂಗಳು ನನ್ನ ಬಾಗಿಲ ಹೊರಗೆ ನೋಡಿದ್ದೆ. ಮೆಟ್ಟಿಲನ್ನು ಹೇಗೆ ಹತ್ತಿದೆನೋ ಗೊತ್ತಿಲ್ಲ.

ಗುರುಲಿಂಗಪ್ಪನವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಬಾಯಿ ತೆರೆದು ಮಲಗಿದ್ದರು. ಹಲ್ಲಿನ ಡಾಕ್ಟರು ಮರಗಟ್ಟಿಸುವ ಇಂಜೆಕ್ಷನ್ನಿನ ಸಿರಿಂಜ್ ತುಂಬುತ್ತಿದ್ದರು.

“ನಿಲ್ಲಸ್ರಿ!” ಎಂದೆ. ಅಷ್ಟು ಜೋರಾಗಿ ಕೂಗಬೇಕಾಗಿರಲಿಲ್ಲ, ಕೋಣೆ ಸಣ್ಣದಿತ್ತು.

ಹಲ್ಲಿನ ಡಾಕ್ಟರು ಬೆಚ್ಚಿದರು. ರಕ್ತ ತೆಳು ಮಾಡುವ ಮಾತ್ರೆಯ ಬಗ್ಗೆ ಅವರು ಕೇಳಿದ್ದರಂತೆ. ಗುರುಲಿಂಗಪ್ಪನವರು, “ಗುಳಿಗಿ ತಗೋತೀನ್ರಿ, ಆದ್ರ ಅದು ನನ್ನ ರಕ್ತಕ್ಕ ಹತ್ತವಲ್ದು, ದವಾಖಾನ್ಯಾಗ ನಂಬರ ಇಳದದ ಅಂತ ಹೇಳ್ಯಾರ” ಎಂದಿದ್ದರಂತೆ. ನಮ್ಮ ಮಾತನ್ನೇ ನಂಬಿ ಹೇಳಿದ್ದು! ಡಾಕ್ಟರರೂ ಅದನ್ನು ನಂಬಿದ್ದರು.

ನಾನು ಕುರ್ಚಿಯ ಪಕ್ಕಕ್ಕೆ ಹೋದೆ. ಗುರುಲಿಂಗಪ್ಪನವರು ನನ್ನನ್ನು ನೋಡಿ ಬಾಯಿ ಮುಚ್ಚಿ, ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

“ಯಜಮಾನ್ರ, ಬೆರಳ ಕೊಡ್ರಿ.”

“ಯಾಕ್ರಿ? ಇಲ್ಲೀತನ ಬಂದು ಕಳುವು ಹಿಡಿಯವರೇನು?”

“ಕಳುವು ಮಾಡಿದ್ದು ನಾನರಿ. ನಿಮ್ಮ ಮಾತು ಕಸಗೊಂಡೇನಿ. ವಾಪಸ್ ಕೊಡಾಕ ಬಂದೇನಿ. ಕೈ ಮುಗಿತೀನಿ, ಬೆರಳ ಕೊಡ್ರಿ” ಎಂದೆ. ನನ್ನ ಕಣ್ಣಿನಲ್ಲಿ ನೀರು ಬಂದಿತ್ತು.

ಅವರು ಮುಖ ತಿರುಗಿಸದೆಯೇ ಕೈ ಚಾಚಿದರು. ಚುಚ್ಚಿ ಹನಿ ತೆಗೆದೆ. ಮೀಟರ್ ಲೆಕ್ಕ ಹಾಕಲು ಒಂದು ನಿಮಿಷ ತೆಗೆದುಕೊಂಡಿತು. ಚುಚ್ಚಿದ ಬೆರಳಿಗೆ ಹತ್ತಿ ಒತ್ತಿದ್ದೆ. ಅದು ಕೆಂಪಾಯಿತು, ಇನ್ನೊಂದು ಹಾಕಿದೆ, ಅದೂ ಕೆಂಪಾಯಿತು.

೬.೮.

ಹಲ್ಲಿನ ಡಾಕ್ಟರು ಪರದೆ ನೋಡಿದರು. ಸಿರಿಂಜನ್ನು ಮೆಲ್ಲಗೆ ಟ್ರೇಯಲ್ಲಿ ಇಟ್ಟು, ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು.

ಮುಂದಿನದು ಸಲೀಸಾಗಿ ನಡೆಯಿತು. ಫೋನಿನಲ್ಲಿ ಡಾ. ಇನಾಮದಾರ್ ಹೇಳಿದ ಪ್ರಮಾಣದ ವಿಟಮಿನ್ ಕೆಯನ್ನು ಬಾಯಿಗೇ ಹಾಕಿ ಕುಡಿಸಿದೆ. ವಾರ್ಫರಿನ್ ನಿಲ್ಲಿಸಿದೆವು. ಆಂಬುಲೆನ್ಸಿನಲ್ಲಿ ಹುಮನಾಬಾದಿಗೆ ಕರೆತಂದು ಮೂರು ದಿನ ಇಟ್ಟುಕೊಂಡೆವು. ಎಲ್ಲಿಯೂ ಒಳಗೆ ರಕ್ತ ಸೋರಿರಲಿಲ್ಲ. ಮೂರನೆಯ ದಿನ ಐಎನ್‌ಆರ್ ೨.೬ಕ್ಕೆ ಬಂತು. ಹಳೆಯ ಐದು ಮಿಲಿಗ್ರಾಂ ಮತ್ತೆ ಶುರು. ಹುಳುಕು ಎಂದು ಕೀಳಿಸಲು ಹೊರಟಿದ್ದ ಹಲ್ಲಿಗೆ ಏನೂ ಆಗಿರಲಿಲ್ಲ, ಒಸಡಿನ ರಕ್ತಕ್ಕೆ ಮಾತ್ರೆಯೇ ಕಾರಣವಾಗಿತ್ತು. ಅದು ಬಹಳ ವರ್ಷ ಗಟ್ಟಿಯಾಗಿಯೇ ಇತ್ತು.

ಸೊಪ್ಪನ್ನು ಪೂರ್ತಿ ಬಿಡಬಾರದು, ಒಮ್ಮೆಲೇ ಬಹಳ ತಿನ್ನಲೂ ಬಾರದು, ದಿನಾ ಹೆಚ್ಚುಕಡಿಮೆ ಒಂದೇ ಅಳತೆ ಇರಲಿ ಎಂದು ಡಾಕ್ಟರು ಅವರಿಗೆ ತಿಳಿಸಿ ಹೇಳಿದರು. ಗುರುಲಿಂಗಪ್ಪನವರು ಎದ್ದು ಕೂತರು. “ಇದನ್ನ ಮೊದಲ ಹೇಳಬಾರದೇನ್ರಿ? ತೂಕ ಸಮ ಇಡೂದ ನನ್ನ ಧಂದಾನ ಅಲ್ಲೇನು?” ಎಂದರು.

ಫೆಬ್ರುವರಿ ಹದಿನಾಲ್ಕು, ಗುರುವಾರ. ಶ್ರೀಧರ್ ಮತ್ತೆ ಬಂದಿದ್ದರು. ನಾನು ಒಂಬತ್ತು ರೋಗಿಗಳ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದು ಮುಂದಿಟ್ಟೆ. ಭಜ್ಜಿಯ ವಿಷಯವನ್ನೂ ಹೇಳಿದೆ. “ಮೇಡಂ, ಭಜ್ಜಿ ಅಂದ್ರೆ ನಾನು ಎಣ್ಣೇಲಿ ಕರಿಯೋದು ಅಂದ್ಕೊಂಡಿದ್ದೆ” ಎಂದರು ಪಾಪ. ಅವರಿಗೆ ಗೊತ್ತಿಲ್ಲದ್ದು ತಪ್ಪಲ್ಲ. ಗೊತ್ತಿದ್ದೂ ಕೇಳದವಳು ನಾನು.

ಅಂದು ರೋಗಿಗಳಿಂದ ಹಾಲ್ ಭರ್ತಿಯಾಗಿತ್ತು. ನಾನು ಗುರುಲಿಂಗಪ್ಪನವರ ಫೈಲು ಹಿಡಿದು ಹೊರಗೆ ಬಂದೆ. ಯಾರ ಮುಂದೆ ಅವಮಾನ ಮಾಡಿದ್ದೆನೋ ಅವರ ಮುಂದೆಯೇ ಕ್ಷಮೆ ಕೇಳಬೇಕಿತ್ತು.

“ಈ ಯಜಮಾನ್ರು ಒಂದ ಗುಳಿಗಿನೂ ಒಗದಿಲ್ಲ. ನಾ ಹೇಳಿದ್ದು ತಪ್ಪು. ಇವರು ನಮ್ಮ ಮಾತು ಬಿಡದ ಪಾಲಿಸಿದ್ದಕ್ಕೇ ಇವರ ಜೀವಕ್ಕ ಬಂದಿತ್ತು” ಎಂದೆ.

ಅವರ ಪಕ್ಕ ಕೂತು ಫೈಲು ತೆರೆದು, ನಾನು ಬರೆದ ಆ ಎರಡು ಪದಗಳನ್ನು ತೋರಿಸಿ ಅರ್ಥ ಹೇಳಿದೆ. ಅವರು ಅಕ್ಷರಗಳ ಮೇಲೆ ಬೆರಳಾಡಿಸಿದರು.

“ಇದನ್ನ ಅಳಸಿ ಹಾಕ್ರಿ.”

“ಅಳಸಾಕ ಬರಂಗಿಲ್ರಿ. ಟ್ರಯಲ್ ದಾಖಲಿನಾಗ ಬಿಳಿ ಬಣ್ಣ ಹಚ್ಚಂಗಿಲ್ಲ, ಹಾಳಿ ಹರಿಯಂಗಿಲ್ಲ. ತಪ್ಪು ಬರದ್ರ ಅದರ ಮ್ಯಾಲ ಒಂದ ಗೆರಿ ಎಳೀಬೇಕು, ಕೆಳಗಿನ ಅಕ್ಷರ ಕಾಣಬೇಕು. ಬಾಜೂಕ ಖರೇದು ಬರದು ಸಹಿ ಮಾಡಬೇಕು.”

ಅವರ ಮುಖದಲ್ಲಿ ತಕ್ಕಡಿ ಸಮಕ್ಕೆ ಬಂದಾಗಿನ ಆ ಹಳೆಯ ನಗು ಕಾಣಿಸಿತು.

“ಹಂಗಾದ್ರ ಛಲೋ ಆತ್ರಿ. ಕಾಣಲಿ ಬಿಡ್ರಿ. ನಾಳೆ ಓದೋರಿಗಿ ತಪ್ಪು ಯಾರದಿತ್ತು ಅಂತನೂ ಗೊತ್ತಾಗಲಿ.”

ಗೆರೆ ಎಳೆದೆ. ಪಕ್ಕದಲ್ಲಿ ಬರೆದೆ: ರೋಗಿ ಎಲ್ಲ ಡೋಸ್ ತೆಗೆದುಕೊಂಡಿದ್ದಾರೆ, ಪ್ರಶ್ನೆ ಕೇಳಿದ್ದರಲ್ಲಿ ಲೋಪ, ಕೋಆರ್ಡಿನೇಟರ್‌ದು. ಸಹಿ, ದಿನಾಂಕ. ಅವರು ಸಹಿಯನ್ನೂ ಪರಿಶೀಲಿಸಿ ನೋಡಿದರು, ಅಂಗಡಿಯವರಲ್ಲವೇ.

ನಮ್ಮ ಫಾರ್ಮಿಗೆ ಮುಂದೆ ಒಂದು ಪ್ರಶ್ನೆ ಸೇರಿತು: ಈ ತಿಂಗಳು ನಿಮ್ಮ ಮನೆಯ ಹೊರಗೆ, ಯಾರ ಯಾರಲ್ಲಿ ಏನೇನು ಉಂಡಿರಿ? ಸೊಪ್ಪಿಗೆ ಮುನಿಯದ ಹೊಸ ಮಾತ್ರೆಗಳು ಮುಂದೆ ಬಂದವು, ಈಗ ಎಷ್ಟೋ ಜನ ನುಂಗುತ್ತಾರೆ. ಆದರೂ ನಾನು ನಿವೃತ್ತಿಯಾಗುವವರೆಗೆ, ಅಂಕಿ ಒಂದು ಹೇಳಿ ಮನುಷ್ಯ ಇನ್ನೊಂದು ಹೇಳುವಾಗಲೆಲ್ಲ ಮೊದಲು ನನ್ನ ಪ್ರಶ್ನೆಯನ್ನೇ ಅನುಮಾನಿಸಿದೆ. ರಕ್ತ ಸುಳ್ಳು ಹೇಳುವುದಿಲ್ಲ ಎಂದು ಅಂದು ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಗುರುಲಿಂಗಪ್ಪನವರೂ ಸುಳ್ಳು ಹೇಳಿರಲಿಲ್ಲ. ಇಬ್ಬರ ಮಾತನ್ನೂ ಕೇಳುವ ಕಿವಿ ನನಗಿರಲಿಲ್ಲ, ಅಷ್ಟೇ.

ಮುಂದಿನ ಎಳ್ಳಮಾವಾಸ್ಯೆಗೆ ಅದೇ ಡಬ್ಬಿ ನನ್ನ ಮೇಜಿಗೆ ಬಂತು. ತೆರೆದರೆ ಭಜ್ಜಿ ತಳದಲ್ಲಿ ಎರಡೇ ಬೆರಳಷ್ಟು. “ಇದೇನ್ರಿ, ಈ ಸಲ ಇಷ್ಟ?” ಎಂದೆ.

“ನಾ ಎಷ್ಟ ಉಂಡೇನಿ, ನಿಮಗೂ ಅಷ್ಟ ತಂದೇನ್ರಿ” ಎಂದು ಹೇಳಿ ಗುರುಲಿಂಗಪ್ಪನವರು ಬೆರಳು ಮುಂದೆ ಚಾಚಿದರು. ಚುಚ್ಚಿ ನೋಡಿದೆ. ೨.೪.